ಒಬ್ಬರೇ ಗೇಮ್ ಮಾಡುವವರಿಗೆ 12 ಮಂದಿ ಬೇಕು

ಮಾನ್ಯರೇ,

ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಮನೆಯಲ್ಲೇ ಕೂತು ಒಬ್ಬರೇ ಮೊಬೈಲ್ ಗೇಮ್ ಕಟ್ಟುವ ಯುವಕ ಯುವತಿಯರು ಅರ್ಧದಲ್ಲಿ ಕೈಬಿಟ್ಟರೆ, ‘ಹಟ ಸಾಲದು’ ಎಂದು ಮನೆಯವರು ಹೇಳಿಬಿಡುತ್ತಾರೆ. ಈ ಮಾತು ಅನ್ಯಾಯದ್ದು. ಕೋಡ್, ಚಿತ್ರ, ಸದ್ದು, ಪ್ರಚಾರ ಎಲ್ಲವನ್ನೂ ಹೊತ್ತವರನ್ನು ಹಣ್ಣುಮಾಡುವುದು ಕೆಲಸದ ಗಾತ್ರ, ಅದನ್ನು ಕೈಗೆತ್ತಿಕೊಳ್ಳುವ ಕ್ರಮ ಮತ್ತು ಆಡಿ ನೋಡಿ ಹೇಳುವವರು ಯಾರೂ ಇಲ್ಲದಿರುವುದು.

ಮೊದಲ ಎರಡು ವಾರ ಚಿತ್ರದ ಗೊಡವೆಯೇ ಬೇಡ. ಬೂದು ಚೌಕಗಳನ್ನಿಟ್ಟು ಆಟದ ಮೂಲ ಚಲನೆಯನ್ನಷ್ಟೇ ಕಟ್ಟಿ, ಫೋನನ್ನು ಬೇರೆಯವರ ಕೈಗೆ ಕೊಟ್ಟು ಏನೂ ವಿವರಿಸದೆ ನೋಡಬೇಕು. ಇನ್ನೊಮ್ಮೆ ಆಡಲು ಅವರಿಗೇ ಮನಸ್ಸಾಗದಿದ್ದರೆ ಮೇಲೆ 20 ಲೆವೆಲ್ ಸೇರಿಸಿದರೂ ಪ್ರಯೋಜನವಿಲ್ಲ. ಆಟವನ್ನು ನಿಲ್ಲಿಸಿದಲ್ಲಿಂದಲೇ ಮುಂದುವರಿಸಲು ಬೇಕಾದ ಸೇವ್ ವ್ಯವಸ್ಥೆ ಮೊದಲ ತಿಂಗಳಲ್ಲೇ ಬರಲಿ. ಕೊನೆಯಲ್ಲಿ ಸೇರಿಸಹೊರಟರೆ ಪ್ರತಿ ಬಾಗಿಲು, ಪ್ರತಿ ನಾಣ್ಯದ ಸ್ಥಿತಿಯನ್ನು ಉಳಿಸಲು ಹಳೆಯ ಕೋಡನ್ನೆಲ್ಲ ಬಿಚ್ಚಬೇಕಾಗುತ್ತದೆ. ಎಷ್ಟೋ ಮಂದಿ ಸೋಲುವುದು ಇಲ್ಲಿಯೇ. ಕನ್ನಡದಲ್ಲಿ ಗೇಮ್ ಮಾಡುವವರು ಎಂಜಿನ್ (ಗೇಮ್ ಕಟ್ಟುವ ತಂತ್ರಾಂಶ) ಆರಿಸುವ ಮುನ್ನ ‘ರಾಷ್ಟ್ರ’, ‘ಶಾಸ್ತ್ರಜ್ಞ’ ಎಂದು ಬರೆದು ಪರೀಕ್ಷಿಸಲಿ. ಯೂನಿಟಿ ಎಂಬ ಎಂಜಿನ್‌ನಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಒತ್ತಕ್ಷರಗಳು ಒಡೆಯುತ್ತವೆ. 2023ರಲ್ಲಿ ಬಂದ ಗೋಡೊ 4 ಎಂಬ ಇನ್ನೊಂದು ಎಂಜಿನ್ ಅವನ್ನು ಸರಿಯಾಗಿ ಕೂಡಿಸುತ್ತದೆ, ಉಚಿತವೂ ಹೌದು.

ಕಡಿಮೆ ಬೆಲೆಯ ಫೋನಿನಲ್ಲಿ ಗೇಮ್ ತಾನಾಗಿ ಮುಚ್ಚಿಕೊಂಡರೆ ಕೋಡಿನಲ್ಲಿ ತಪ್ಪು ಹುಡುಕುತ್ತಾ ವಾರಗಟ್ಟಲೆ ನಿದ್ದೆಗೆಡುವವರಿದ್ದಾರೆ. ಮೊದಲು ಚಿತ್ರಗಳ ಲೆಕ್ಕ ನೋಡಬೇಕು. 4096×4096 ಪಿಕ್ಸೆಲ್‌ನ ಒಂದು ಚಿತ್ರ ಕುಗ್ಗಿಸದಿದ್ದರೆ ಮೆಮೊರಿಯಲ್ಲಿ 64 ಎಂಬಿ ನುಂಗುತ್ತದೆ. ಪಾರದರ್ಶಕ ಭಾಗವಿದ್ದರೂ ಇಟಿಸಿ2 ಎಂಬ ಚಿತ್ರ ಕುಗ್ಗಿಸುವ ವಿಧಾನದಲ್ಲಿ ಅದು 16 ಎಂಬಿಗೆ ಇಳಿಯುತ್ತದೆ.

ನಮ್ಮ ಮಳೆಗಾಲದ ಕರೆಂಟಿನ ಕಥೆ ಎಲ್ಲರಿಗೂ ಗೊತ್ತು. ಫೈಲ್ ಬರೆಯುತ್ತಿರುವಾಗ ಕಂಪ್ಯೂಟರ್ ಆರಿದರೆ ಪ್ರಾಜೆಕ್ಟ್ ಕೆಡಬಹುದು. ಒಂದೊಂದು ಸಣ್ಣ ಕೆಲಸ ಮುಗಿದಂತೆ ಗಿಟ್‌ಗೆ (ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶ) ಸೇರಿಸಿ, ನೆಟ್‌ವರ್ಕ್ ಸಿಕ್ಕಾಗ ಅದರ ಪ್ರತಿಯನ್ನು ಇಂಟರ್ನೆಟ್‌ಗೆ ಕಳುಹಿಸಬೇಕು. ಯೂನಿಟಿಯ ಲೈಬ್ರರಿ ಫೋಲ್ಡರನ್ನು ಗಿಟ್‌ನಿಂದ ಹೊರಗಿಡಿ. ಅದು ಜಿಬಿಗಟ್ಟಲೆ ಬೆಳೆಯುತ್ತದೆ, ಅಳಿದರೂ ಎಂಜಿನ್ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆಯೆಂದಲ್ಲ, ಕೆಲಸದಿಂದ ಹುಟ್ಟುವ ಸ್ಥಿತಿಯೆಂದು ವಿವರಿಸಿತು: ತೀರದ ದಣಿವು, ಕೆಲಸದ ಬಗ್ಗೆ ಜಿಗುಪ್ಸೆ, ಕೈಲಾಗುತ್ತಿಲ್ಲವೆಂಬ ಭಾವ. ಒಂಟಿ ಡೆವಲಪರ್‌ನಲ್ಲಿ ಇದರ ಗುರುತು ಸುಲಭ. ಬಗ್‌ಗಳ (ಕೋಡಿನ ತಪ್ಪುಗಳ) ಪಟ್ಟಿ ತೆರೆಯಲು ಹೆದರಿ ಮೆನುವಿನ ಬಣ್ಣವನ್ನೇ ತಿದ್ದುತ್ತಿರುವುದು, ಮುಕ್ಕಾಲು ಮುಗಿದ ಗೇಮನ್ನು ಬೇರೆ ಎಂಜಿನ್‌ಗೆ ಸಾಗಿಸಹೊರಡುವುದು. ಆಗ ಇನ್ನಷ್ಟು ರಾತ್ರಿ ಎದ್ದಿರುವುದರಿಂದ ಏನೂ ಸರಿಹೋಗದು. 12 ಲೆವೆಲ್ ಇದ್ದರೆ 5ಕ್ಕೆ ಇಳಿಸಿ, ಸಂಜೆ ಕೆಲಸ ನಿಲ್ಲಿಸುವ ಹೊತ್ತು ಗೊತ್ತುಮಾಡಿಕೊಳ್ಳಬೇಕು. ನಿದ್ದೆ, ಊಟವೇ ತಪ್ಪಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಮ್ಮ ಕಾಲೇಜುಗಳಿಗೆ ಒಂದು ವಿನಂತಿ. 2023ರ ನವೆಂಬರ್ ನಡುವಿನ ನಂತರ ತೆರೆದ ವೈಯಕ್ತಿಕ ಖಾತೆಯಿಂದ ಗೂಗಲ್ ಪ್ಲೇಯಲ್ಲಿ ಗೇಮ್ ಬಿಡುಗಡೆ ಮಾಡಬೇಕಾದರೆ, ಕನಿಷ್ಠ 12 ಮಂದಿ ಪರೀಕ್ಷಕರು ಅದರ ಪರೀಕ್ಷೆಗೆ ಸತತ 14 ದಿನ ಸೇರಿಕೊಂಡಿರಬೇಕು. ಒಂಟಿ ಮನೆಯಲ್ಲಿರುವವರು ಇಷ್ಟು ಜನರನ್ನು ಎಲ್ಲಿಂದ ತರಬೇಕು? ನಡುವೆ ಬಿಟ್ಟುಹೋಗುವವರೂ ಇರುವುದರಿಂದ 20 ಮಂದಿಯಾದರೂ ಇದ್ದರೆ ಕ್ಷೇಮ. ಶಿವಮೊಗ್ಗದ ಎಂಜಿನಿಯರಿಂಗ್ ಮತ್ತು ಬಿಸಿಎ ಕಾಲೇಜುಗಳು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಲ್ಯಾಬ್ ತೆರೆದು, ಹೊರಗಿನ ಡೆವಲಪರ್‌ಗಳನ್ನೂ ಕರೆದು, ವಿದ್ಯಾರ್ಥಿಗಳಿಂದ ಗೇಮ್ ಆಡಿಸಲಿ. ಎಲ್ಲಿ ಸಿಕ್ಕಿಕೊಂಡರು, ಎಲ್ಲಿ ಬೇಸರವಾಯಿತು, ಯಾವ ಫೋನಿನಲ್ಲಿ ನಿಂತುಹೋಯಿತು ಎಂಬ ಮೂರು ಸಾಲು ಬರೆದುಕೊಟ್ಟರೆ ಸಾಕು. ಈ ಶೈಕ್ಷಣಿಕ ವರ್ಷದಲ್ಲೇ ಯಾವುದಾದರೂ ಒಂದು ಕಾಲೇಜು ಮುಂದೆ ಬರಲಿ.

– ಒಬ್ಬ ಗೇಮ್ ಡೆವಲಪರ್, ಸಾಗರ