ಭಾನುವಾರ ರಾತ್ರಿಯಿಂದ ನಿಮ್ಮ ಸರ್ವರ್‌ನಲ್ಲಿ ಎಸ್‌ಇಲಿನಕ್ಸ್ ತಡೆ ಜಾರಿ

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಹುಬ್ಬಳ್ಳಿ, ಗದಗ, ಬ್ಯಾಡಗಿಯ ನಿಮ್ಮ ಅಂಗಡಿಗಳ ಲೆಕ್ಕ ಇರುವ ಸರ್ವರ್‌ಗಳಲ್ಲಿ ಬರುವ ಭಾನುವಾರ ರಾತ್ರಿ ಒಂದು ಬದಲಾವಣೆ ಮಾಡುತ್ತಿದ್ದೇವೆ. ಎಸ್‌ಇಲಿನಕ್ಸ್ ಅಂದರೆ ನಿಮ್ಮ ಸರ್ವರ್ ನಡೆಸುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂನೊಳಗಿನ ಒಂದು ಕಾವಲು ವ್ಯವಸ್ಥೆ. ಇಷ್ಟು ದಿನ ಅದು ಪರ್ಮಿಸಿವ್ ಸ್ಥಿತಿಯಲ್ಲಿತ್ತು. ಅಂದರೆ ತಪ್ಪು ಕಂಡರೆ ಸುಮ್ನೆ ಬರೆದಿಡುತ್ತಿತ್ತು. ಇನ್ನು ಎನ್‌ಫೋರ್ಸಿಂಗ್ ಸ್ಥಿತಿಗೆ ಹೋಗುತ್ತದೆ, ತಡೆದೇ ಬಿಡುತ್ತದೆ. ಬಿಲ್ ಮಾಡುವ ರೀತಿ, ಪಾಸ್‌ವರ್ಡ್, ನಮ್ಮ ದರ ಎಲ್ಲ ಮೊದಲಿನಂತೆಯೇ.

ಲಿನಕ್ಸ್‌ನ ಮಾಮೂಲಿ ಪದ್ಧತಿಯಲ್ಲಿ ಫೈಲ್ ಯಾರದೋ ಅವರೇ ಪರ್ಮಿಷನ್ ಕೊಡುತ್ತಾರೆ. ಎಲ್ಲ ಅಧಿಕಾರ ಇರುವ ರೂಟ್ ಖಾತೆಗಂತೂ ತಡೆಯೇ ಇಲ್ಲ. ಒಂದು ಪ್ರೋಗ್ರಾಮಿನೊಳಗೆ ಕಳ್ಳ ಹೊಕ್ಕರೆ ಅದಕ್ಕಿದ್ದ ಹಕ್ಕೆಲ್ಲ ಅವನ ಕೈಗೆ ಹೋಗುತ್ತದೆ. ಎಸ್‌ಇಲಿನಕ್ಸ್ ಇದ್ದರೆ ಕರ್ನಲ್ (ಲಿನಕ್ಸ್‌ನ ತಿರುಳು) ಪ್ರೋಗ್ರಾಮಿಗೆ ಅಂಟಿಸಿದ ಗುರುತಿನ ಚೀಟಿ ಅಂದರೆ ಲೇಬಲ್, ಫೈಲಿನ ಲೇಬಲ್ ಎರಡನ್ನೂ ನೋಡುತ್ತದೆ. ಪಾಲಿಸಿಯಲ್ಲಿ, ಅಂದರೆ ನಿಯಮಗಳ ಪಟ್ಟಿಯಲ್ಲಿ, ಬರೆಯದ ಕೆಲಸ ರೂಟ್ ಕೇಳಿದರೂ ಆಗುವುದಿಲ್ಲ. ಇದೇನು ಹೊಸದಲ್ಲ, 2003ರಲ್ಲೇ ಲಿನಕ್ಸ್ ಕರ್ನಲ್‌ಗೆ ಸೇರಿದ್ದು. ಆಂಡ್ರಾಯ್ಡ್ ಫೋನ್‌ಗಳೂ 5.0 ಆವೃತ್ತಿಯಿಂದ ಪೂರ್ತಿ ಇದೇ ಕಾವಲಿನಲ್ಲಿವೆ.

ಜಾಸ್ತಿ ಸಮಯ ಹಿಡಿದದ್ದು ಪರೀಕ್ಷೆಗೆ. ಬಿಲ್, ತಿಂಗಳ ಕೊನೆ ಲೆಕ್ಕ, ರಾತ್ರಿ ಬ್ಯಾಕಪ್ ನಡೆದರೆ ಸಾಕಾಗುವುದಿಲ್ಲ. ತಡೆಯಬೇಕಾದ್ದನ್ನು ನಿಜಕ್ಕೂ ತಡೆಯುತ್ತದಾ ಅಂತಲೂ ನೋಡಬೇಕಲ್ವಾ? ವೆಬ್ ಸರ್ವರ್‌ನ ಲೇಬಲ್‌ನಲ್ಲೇ ಓಡುವ ಸಣ್ಣ ಪ್ರೋಗ್ರಾಮ್ ಒಂದನ್ನು ಬರೆದು, ಅದನ್ನು ರೂಟ್ ಆಗಿಯೇ ಓಡಿಸಿ, ಪಾಸ್‌ವರ್ಡ್‌ಗಳ ಶ್ಯಾಡೋ ಫೈಲ್ ಓದಲು ಬಿಟ್ಟೆವು. 'ಪರ್ಮಿಷನ್ ಡಿನೈಡ್' ಬಂತು. ತಡೆಗಳನ್ನು ಬರೆದಿಡುವ ಆಡಿಟ್ ಲಾಗ್‌ನಲ್ಲಿ, ತಡೆದದ್ದು ಎಸ್‌ಇಲಿನಕ್ಸೇ ಅನ್ನುವ 'ಎವಿಸಿ ಡಿನೈಡ್' ಸಾಲೂ ಬಿತ್ತು. ಎರಡೂ ಬಂದರೆ ಮಾತ್ರ ಪಾಸ್. ಯಾಕಂದರೆ ಕರ್ನಲ್ ಮೊದಲು ಮಾಮೂಲಿ ಪರ್ಮಿಷನ್ ನೋಡುತ್ತದೆ. ಅಲ್ಲೇ ಬಾಗಿಲು ಮುಚ್ಚಿದರೆ ಎಸ್‌ಇಲಿನಕ್ಸ್‌ನ ಸರದಿಯೇ ಬರುವುದಿಲ್ಲ, ಅದು ಪರೀಕ್ಷೆಯೇ ಆಗಲಿಲ್ಲ. ಕೆಲವು ತಡೆಗಳನ್ನು ಲಾಗ್‌ಗೆ ಹಾಕಬೇಡ ಅನ್ನುವ ನಿಯಮಗಳೂ ಪಾಲಿಸಿಯಲ್ಲಿರುತ್ತವೆ. ಪರೀಕ್ಷೆ ಮುಗಿಯುವವರೆಗೆ ಅವನ್ನೂ ತೆಗೆದಿಟ್ಟಿದ್ದೆವು.

ನಿಮ್ಮಲ್ಲಿ ಸರ್ವರ್‌ಗೆ ನೇರ ಲಾಗಿನ್ ಆಗಿ ಫೈಲ್ ಹಾಕುವವರಿಗೆ ಒಂದು ಮಾತು. ಹೋಮ್ ಫೋಲ್ಡರ್‌ನಿಂದ ವೆಬ್ ಫೋಲ್ಡರ್‌ಗೆ ಫೈಲ್ ಮೂವ್ ಮಾಡಬೇಡಿ. ಹಳೆಯ ಲೇಬಲ್ ಅದರ ಜೊತೆಗೇ ಬರುತ್ತದೆ, ಬಿಲ್ ತೆರೆಯುವುದಿಲ್ಲ. ಕಾಪಿ ಮಾಡಿ, ಹೊಸ ಜಾಗದ ಲೇಬಲ್ ತಾನೇ ಸಿಗುತ್ತದೆ. ಮೂವ್ ಮಾಡಿಬಿಟ್ಟಿದ್ದರೆ ಲೇಬಲ್ ಸರಿಪಡಿಸುವ ರಿಸ್ಟೋರ್‌ಕಾನ್ ಕಮಾಂಡ್ ಓಡಿಸಿದರೆ ಸರಿಹೋಗುತ್ತದೆ.

ಏನಾದರೂ ನಿಂತರೆ ದಯವಿಟ್ಟು 'ಅದನ್ನ ಆಫ್ ಮಾಡ್ರಿ' ಅನ್ನಬೇಡಿ. ಲಾಗ್ ನೋಡಿ ಬೇಕಾದಷ್ಟೇ ನಿಯಮ ಸೇರಿಸುತ್ತೇವೆ. ಲಾಗ್‌ನಿಂದ ತಾನೇ ನಿಯಮ ಬರೆದುಕೊಡುವ ಆಡಿಟ್‌ಟುಅಲೌ ಉಪಕರಣ ಕೊಟ್ಟಿದ್ದನ್ನೆಲ್ಲ ಓದದೆ ಒಪ್ಪಿಕೊಂಡರೆ ಕಾವಲು ಇದ್ದೂ ಇಲ್ಲದಂತೆ. ನಿಂತ ಸಮಯ, ಪರದೆಯ ಫೋಟೋ ಎರಡನ್ನು ಕಳಿಸಿ. ಮೆಣಸಿನಕಾಯಿ ಟೆಂಡರ್ ದಿನ ಬ್ಯಾಡಗಿಯ ಅಂಗಡಿಗಳ ಕರೆಯನ್ನು ಮೊದಲು ತೆಗೆದುಕೊಳ್ಳುತ್ತೇವೆ.

ಇಂತಿ,
ನಿಮ್ಮ ಸರ್ವರ್ ನೋಡಿಕೊಳ್ಳುವ ಬಳಗ
ವಿದ್ಯಾನಗರ, ಹುಬ್ಬಳ್ಳಿ