ಜಡಿಮಳೆಯ ರಾತ್ರಿ ಗೋಬಿ ಬೇಕೇ ಬೇಕಾ?

ಮಾನ್ಯ ಸಂಪಾದಕರೇ,

ಆಷಾಢದ ಮಳೆ ಹಿಡಿದರೆ ನಮ್ಮ ವಿನೋಬನಗರದಲ್ಲಿ ರಾತ್ರಿ ಎಂಟರ ಮೇಲೆ ಓಡಾಡುವವರು ಊಟ ತಲುಪಿಸುವ ಹುಡುಗರು ಮಾತ್ರ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರಿನೊಳಗಿನ ಮೊಬೈಲ್. ಮೇಲೆ ನೀರು ಬಿದ್ದರೆ ಅದು ಬೆರಳಿನ ಮಾತು ಕೇಳುವುದಿಲ್ಲ. ಒರೆಸೋಣ ಎಂದರೆ ಅಂಗಿಯೂ ಒದ್ದೆ. ಕ್ರಾಸ್ ಕ್ರಾಸಿಗೂ ನಿಂತು ‘ಮನೆ ಎಲ್ಲಿ ಸಾರ್’ ಎಂದು ಕೇಳುತ್ತಿರುತ್ತಾರೆ. ನಾನು ಅಂಚೆ ಇಲಾಖೆಯಲ್ಲಿದ್ದು ನಿವೃತ್ತಳಾದವಳು. ವಿಳಾಸ ಸಿಗದ ಕಷ್ಟ ಏನೆಂದು ಗೊತ್ತು. ಅದಕ್ಕೇ ಈ ಪತ್ರ.

ಕಳೆದ ಚಳಿಗಾಲದಲ್ಲಿ ಮಗಳ ಮನೆಗೆಂದು ಶಿಕಾಗೋಗೆ ಹೋಗಿದ್ದೆ. ಅಲ್ಲಿ ಹಿಮ ಬಿದ್ದರೆ ಊರಿಗೆ ಊರೇ ಒಂದು ಶಿಸ್ತಿಗೆ ಬರುತ್ತದೆ. ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಕೆಲವು ಮುಖ್ಯ ರಸ್ತೆಗಳಲ್ಲಿ ಬೆಳಗಿನ ಜಾವ 3ರಿಂದ 7ರ ತನಕ ಕಾರು ನಿಲ್ಲಿಸುವಂತಿಲ್ಲ. ಹಿಮ ಬೀಳಲಿ ಬಿಡಲಿ, ನಿಲ್ಲಿಸಿದರೆ ಎತ್ತಿಕೊಂಡು ಹೋಗುತ್ತಾರೆ. ಮನೆ ಮುಂದಿನ ಫುಟ್‌ಪಾತಿನ ಹಿಮವನ್ನು ಆಯಾ ಮನೆಯವರೇ ಎತ್ತಬೇಕು, ಕನಿಷ್ಠ 5 ಅಡಿ ಅಗಲಕ್ಕೆ. ರಾತ್ರಿ ಬಿದ್ದದ್ದಾದರೆ ಬೆಳಿಗ್ಗೆ 10ರೊಳಗೆ. ನಡೆಯುವವರು, ಪೋಸ್ಟ್‌ಮನ್, ಪಾರ್ಸಲ್ ತರುವವರು ಜಾರಿ ಬೀಳಬಾರದು ಅಂತ. ಸಲಿಕೆ ಹಿಡಿದು ಕಾರಿಗೆ ಜಾಗ ಮಾಡಿಕೊಂಡವರು ಅಲ್ಲೊಂದು ಹಳೇ ಕುರ್ಚಿ ಇಟ್ಟು ಹೋಗುತ್ತಾರೆ. ನಮ್ಮ ತೀರ್ಥಹಳ್ಳಿ ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದ ಹಾಗೆ. ಇದಕ್ಕೆ ಕಾನೂನೇನೂ ಇಲ್ಲ, ಆದರೂ ನಡೆದುಕೊಂಡು ಬಂದಿದೆ!

ಜೋರಾಗಿ ಹಿಮ ಬಿದ್ದ ರಾತ್ರಿ ಮಗಳು ಹೊರಗಿನಿಂದ ಊಟ ತರಿಸುವುದಿಲ್ಲ. ‘ಈ ಹವೆಯಲ್ಲಿ ಯಾರನ್ನೋ ಯಾಕಮ್ಮ ಓಡಿಸೋದು’ ಎಂದಳು. ಸರಿ, ನಾನೇ ಒಲೆ ಮುಂದೆ ನಿಂತೆ. ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ ಜಜ್ಜಿ, ಊರಿಂದ ಒಯ್ದಿದ್ದ ವಾಟೆಪುಡಿ ಹಾಕಿ ಸಾರು ಕುದಿಸಿದೆ. ವಾಟೆಯ ಹುಳಿ ಹುಣಸೆಯ ಹಾಗೆ ಸಾರನ್ನು ಕಪ್ಪಾಗಿಸಲ್ಲ, ಗಂಟಲಿಗೂ ಹಿತ. ತುಪ್ಪದಲ್ಲಿ ಸಾಸಿವೆ, ಕರಿಬೇವು ಸಿಡಿಸಿದ ಮೇಲೆ ಕೇಳಬೇಕೇ. ಮುದ್ದೆಯಾಗುವ ಹಾಗೆ ಬೇಯಿಸಿದ ಅನ್ನ, ಅಪ್ಪೆಮಿಡಿ. ಹಲಸಿನ ಹಪ್ಪಳ ಸುಡಲು ಹೋದರೆ ಹೊಗೆಗೆ ಅಲಾರಾಂ ಹೊಡೆದುಕೊಂಡು, ಅಳಿಯಂದಿರು ಸ್ಟೂಲ್ ಹತ್ತಿ ಟವೆಲ್ ಬೀಸಿದರು. ಕಿಟಕಿ ತೆಗೆದರೆ ಹಿಮ, ಹಾಕಿದರೆ ಹೊಗೆ. ಊಟ ಮಾತ್ರ ಯಾರೂ ಮಿಗಿಸಲಿಲ್ಲ.

ಅರ್ಧ ಗಂಟೆಯ ಅಡುಗೆ ಅದು. ಆಗುಂಬೆಯ ಮಳೆ ನೋಡಿದ ನಮಗೆ ಇದನ್ನು ಹೇಳಿಕೊಡಬೇಕಾ? ಸಾರಿಗೆ ಹೇಳಿ ಮಾಡಿಸಿದ ಹವೆ ಹೊರಗಿರುವಾಗ ಫೋನ್ ಒತ್ತಿ ಗೋಬಿ ಮಂಚೂರಿ ತರಿಸುವುದು, ಅದು ಬರುವ ಹೊತ್ತಿಗೆ ಮೆತ್ತಗಾಗಿದೆ ಎಂದು ಆ ಹುಡುಗನಿಗೇ ಬೈಯುವುದು, ನನಗಂತೂ ಸರಿ ಕಾಣುವುದಿಲ್ಲ.

ಪಕ್ಕದ ಮನೆಗೆ ಬಂದಿದ್ದ ಹುಡುಗನ ಹತ್ತಿರ ಇದನ್ನೇ ಹೇಳಿದೆ. ಅವನು ನಕ್ಕ. ‘ಮಳೆ ಬಂದ್ರೆ ಎರಡು ಕಾಸು ಜಾಸ್ತಿ ಸಿಗುತ್ತೆ ಅಮ್ಮಾ, ನೀವೆಲ್ಲ ಆರ್ಡರ್ ನಿಲ್ಸಿದ್ರೆ ನಮ್ಮ ಬೈಕಿನ ಕಂತು ಯಾರು ಕಟ್ತಾರೆ?’ ಎಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೀಗೆ ಆ್ಯಪ್ ಮೂಲಕ ದುಡಿಯುವ ಗಿಗ್ ಕೆಲಸಗಾರರಿಗಾಗಿ 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾಯ್ದೆ ಬಂದಿದೆ. ಕೆಲಸಗಾರರಿಗೆ ಕೊಡುವ ಹಣದ ಮೇಲೆ ಕಂಪನಿಗಳಿಂದ ಶೇ 1ರಿಂದ 5ರವರೆಗೆ ಶುಲ್ಕ ಪಡೆದು ಕ್ಷೇಮನಿಧಿಗೆ ಹಾಕುವ ಏರ್ಪಾಡು ಅದರಲ್ಲಿದೆ. ಒಳ್ಳೆಯದೇ. ಆದರೆ ಇವತ್ತು ರಾತ್ರಿಯ ಮಳೆಗೆ ಅದು ಕೊಡೆ ಹಿಡಿಯಲ್ಲ.

ಹಾಗಾಗಿ ಪೂರ್ತಿ ಬಿಡಿ ಎನ್ನುವುದಿಲ್ಲ. ತರಿಸುವವರು ಏಳು ಗಂಟೆಯೊಳಗೆ ತರಿಸಿಕೊಳ್ಳಿ. ಗೇಟಿನ ದೀಪ ಹಾಕಿಡಿ. ಮನೆ ನಂಬರು ಬಳ್ಳಿಯ ಹಿಂದೆ ಅಡಗಿದ್ದರೆ ಬಳ್ಳಿ ಕತ್ತರಿಸಿ. ಅಂಗಳದ ಕಲ್ಲಿನ ಪಾಚಿಯನ್ನು ಉಜ್ಜಿ ತೆಗೆಯಿರಿ. ಹಳ್ಳಿ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುತ್ತಾರಲ್ವಾ, ಪೇಟೆಗೆ ಬಂದ ಕೂಡಲೇ ಅದೆಲ್ಲ ಮರೆತುಹೋಯಿತೇ? ಮೂರನೇ ಮಹಡಿಯಲ್ಲಿರುವವರು ಮಂಡಿ ನೋವಿಲ್ಲದಿದ್ದರೆ ಕೊಡೆ ಹಿಡಿದು ಕೆಳಗೆ ಬನ್ನಿ.

ಇನ್ನು ಹೋಟೆಲಿನವರಿಗೆ ಒಂದು ಮಾತು. ಪಾರ್ಸಲ್ ಕಟ್ಟುವ ತನಕ ಈ ಹುಡುಗರನ್ನು ಹೊರಗೆ ಸೂರಿನ ನೀರಿನಡಿ ನಿಲ್ಲಿಸಬೇಡಿ. ಒಳಗೆ ಒಂದು ಬೆಂಚು ಹಾಕಿ. ನೆಲ ಒದ್ದೆಯಾದರೆ ಒಂದು ಗೋಣಿಚೀಲ ಹಾಸಿ ಸಾಕು.

— ನಿವೃತ್ತ ಅಂಚೆ ನೌಕರೆ, ವಿನೋಬನಗರ, ಶಿವಮೊಗ್ಗ