ವಿಷಯ: ‘ಧೂಳುರಹಿತ’ ಬೋನ್ಸಾಯ್ ಮಣ್ಣಿನ ಚೀಲದಲ್ಲಿ ಬಂದ ಧೂಳಿನ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಬೋನ್ಸಾಯ್ ಮಣ್ಣಿನ ಮಿಶ್ರಣದ ಬಗ್ಗೆ ಫೋನಿನಲ್ಲಿ ಹೇಳಿದ್ದಾಯಿತು, ಮೇಲ್ ಬರೆದದ್ದಾಯಿತು, ಕೇಳಿದ ಫೋಟೊ ಕಳಿಸಿದ್ದೂ ಆಯಿತು. ಕೊನೆಗೆ ಬಂದ ಉತ್ತರ: "ನಿಮ್ಮ ದೂರನ್ನು ಪರಿಹರಿಸಿ ಮುಕ್ತಾಯಗೊಳಿಸಲಾಗಿದೆ." ಪರಿಹಾರ ಏನು ಅಂತ ನನಗೂ ಒಂದು ಮಾತು ತಿಳಿಸಬಹುದಿತ್ತು.

ಚೀಲದ ಮೇಲೆ ನೀವೇ ಅಚ್ಚು ಹಾಕಿಸಿದ್ದೀರಿ: ಅಕಡಾಮಾ (ಜಪಾನಿನ ಜೇಡಿಮಣ್ಣಿನ ಕಾಳು), ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು), ಲಾವಾ ಕಲ್ಲು ಸಮಪಾಲು. ಕಾಳಿನ ಗಾತ್ರ 2ರಿಂದ 6 ಮಿ.ಮೀ. ಜರಡಿ ಹಿಡಿದದ್ದು. ತೇವ ಉಳಿಸುತ್ತದೆ, ನೀರನ್ನೂ ಬಸಿಯುತ್ತದೆ. ಇದು ಆಗದ ಮಾತೇನಲ್ಲ. ನೀರು ಕಾಳಿನ ಒಳಗಿನ ಸಣ್ಣ ರಂಧ್ರಗಳಲ್ಲಿ ನಿಲ್ಲುತ್ತದೆ, ಕಾಳುಗಳ ನಡುವಿನ ಸಂದಿಯಲ್ಲಿ ಗಾಳಿ ಆಡುತ್ತದೆ. ಆದರೆ ಆ ಸಂದಿಗೆ ಧೂಳು ತುಂಬಿದರೆ ಕಥೆ ಮುಗಿಯಿತು. ಇದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಚೀಲದ ಹಿಂಭಾಗದಲ್ಲಿ ನೀವೇ ಬರೆದಿದ್ದೀರಿ.

ನನ್ನ ಜೂನಿಪರ್ ಗಿಡದ ಹಳೆ ಮಣ್ಣು ತೆಗೆದು ನಿಮ್ಮ ಮಿಶ್ರಣ ಹಾಕಿದೆ. ಹಾಕಿದ ನೀರು ಮೇಲೆಯೇ ನಿಂತಿತು. ಜೂನಿಪರ್ ಬೇರು ಸತ್ತರೂ ಎಷ್ಟೋ ವಾರ ಹಸಿರಾಗಿಯೇ ಕಾಣುತ್ತದೆ. ಎಲೆ ಮಂಕಾಗಿ, ಅನುಮಾನ ಬಂದು ಗಿಡ ಎತ್ತಿ ನೋಡಿದರೆ ಬೇರೆಲ್ಲ ಕಪ್ಪಾಗಿ ಕೊಳೆತ ವಾಸನೆ. ಉಳಿದ ಚೀಲವನ್ನು 2 ಮಿ.ಮೀ. ಜರಡಿಗೆ ಹಾಕಿದೆ. ಅರ್ಧಕ್ಕಿಂತ ಜಾಸ್ತಿ ಕೆಳಗೆ ಬಿತ್ತು. ಅದರಲ್ಲಿ ಒಂದು ಕಂದು ಪುಡಿಯೂ ಇತ್ತು. ಏನದು ಅಂತ ಕೇಳಿದ್ದಕ್ಕೆ ನಿಮ್ಮವರು "ಕೋಕೋಪೀಟ್ ಇರಬಹುದು" ಅಂದರು. ಇರಬಹುದಂತೆ! ಮಾರುವವರಿಗೇ ಊಹೆ.

ಈಗ ಆ ಫೋನ್ ಕರೆಯ ವಿಷಯ. ಅದನ್ನು ನೀವು ರೆಕಾರ್ಡ್ ಮಾಡಿಕೊಂಡಿದ್ದೀರಿ, ಆದರೂ ಬರೆಯುತ್ತೇನೆ.

ಮೊದಲ ಪ್ರಶ್ನೆ: "ಮೇಡಂ, ಕುಂಡಕ್ಕೆ ತೂತು ಇದೆಯಾ?" ಇದೆ ಅಂದೆ. "ಕೆಳಗಡೆನೇ ಇದೆಯಾ?" ಕೆಳಗಡೆನೇ ಇದೆ ಅಂದೆ. "ದಿನಾ ನೀರು ಹಾಕ್ತೀರಾ?" ಮಣ್ಣು ಮುಟ್ಟಿ ನೋಡಿ ಹಾಕುತ್ತೇನೆ ಅಂದೆ. "ಹಾಗಾದ್ರೆ ತಳಕ್ಕೆ ಸ್ವಲ್ಪ ಜಲ್ಲಿ ಹಾಕಿ ಮೇಡಂ, ಸರಿಹೋಗುತ್ತೆ." ನಾನು ತಾಳ್ಮೆಯಿಂದಲೇ ವಿವರಿಸಿದೆ. ತೂತು ಎಷ್ಟೇ ದೊಡ್ಡದಿರಲಿ, ಮಣ್ಣಿನ ತಳದ ಒಂದಿಷ್ಟು ಭಾಗದಿಂದ ನೀರು ಇಳಿಯುವುದೇ ಇಲ್ಲ. ಆ ಒದ್ದೆ ಪದರದ ಎತ್ತರ ಕಾಳಿನ ಗಾತ್ರದ ಮೇಲೆ ನಿಂತಿದೆ. ಪುಡಿ ಜಾಸ್ತಿಯಾದಷ್ಟೂ ಅದು ಮೇಲೇರುತ್ತದೆ. ಬೋನ್ಸಾಯ್ ಕುಂಡವೇ ಆಳ ಇಲ್ಲದ್ದು, ಹೀಗಾದರೆ ಬೇರೆಲ್ಲ ಆ ಒದ್ದೆಯಲ್ಲೇ. ಜಲ್ಲಿ ಹಾಕಿದರೆ ಅದೇ ಒದ್ದೆ ಇನ್ನೂ ಮೇಲೆ ಬರುತ್ತದೆ, ಅಷ್ಟೇ. ಆತ ಎಲ್ಲ ಕೇಳಿಸಿಕೊಂಡರು. ಆಮೇಲೆ, "ಜೂನಿಪರ್, ಸ್ಪೆಲಿಂಗ್ ಹೇಳ್ತೀರಾ?"

ಹೇಳಿದೆ. ಸಂಗೀತ ಹಾಕಿದರು. ಬಹಳ ಹೊತ್ತು ಕೇಳಿದೆ. ಹಿರಿಯ ಅಧಿಕಾರಿ ಅಂತ ಇನ್ನೊಬ್ಬರು ಬಂದರು. ಅವರ ಮೊದಲ ಪ್ರಶ್ನೆ: "ಮೇಡಂ, ಕುಂಡಕ್ಕೆ ತೂತು ಇದೆಯಾ?"

ಚೀಲ ತೆರೆದಿರುವುದರಿಂದ ಬದಲಿ ಕೊಡಲು ಬರುವುದಿಲ್ಲ ಅಂದರು. ತೆರೆಯದೆ ಒಳಗೆ ಏನಿದೆ ಅಂತ ನೋಡುವ ವಿದ್ಯೆ ನನಗಿಲ್ಲ ಅಂದೆ. ನಿಮ್ಮದೇ ವಾಪಸಾತಿ ನಿಯಮದ ನಾಲ್ಕನೇ ಅಂಶ ಓದಿ ಅಂದೆ. "ಅದು ಬೇರೆ ಕೇಸ್ ಮೇಡಂ" ಅಂದರು. ಹೇಗೆ ಬೇರೆ? ಉತ್ತರ ಇಲ್ಲ. "ಇಷ್ಟು ಚಿಕ್ಕ ಗಿಡಕ್ಕೆ ಇಷ್ಟೊಂದು ಟೆನ್ಷನ್ ಯಾಕೆ ಮೇಡಂ? ಹೊಸದು ತಗೊಳ್ಳಿ" ಅಂದರು. ಅವರ ಹಿಂದೆ ಯಾರೋ ನಕ್ಕಿದ್ದು ನನಗೆ ಚೆನ್ನಾಗಿ ಕೇಳಿಸಿತು. ಗಿಡ ಚಿಕ್ಕದು ನಿಜ. ವಯಸ್ಸಿನಲ್ಲಿ ಅದು ಬಹುಶಃ ಆ ನಕ್ಕವರಿಗಿಂತ ದೊಡ್ಡದು.

ಸಾಮಾನ್ಯ ತೋಟದ ಮಣ್ಣು ಅಂತ ಮಾರಿದ್ದರೆ ನಾನೇ ಜರಡಿ ಹಿಡಿದು, ತೊಳೆದು, ಬೇಕಾದ್ದು ಸೇರಿಸಿಕೊಳ್ಳುತ್ತಿದ್ದೆ. ಜರಡಿ ಹಿಡಿದಿದ್ದೇವೆ ಅಂತ ಬರೆದದ್ದಕ್ಕೆ ತಾನೆ ಜಾಸ್ತಿ ದುಡ್ಡು ತೆಗೆದುಕೊಂಡದ್ದು?

ಹಣ ವಾಪಸ್ ಕೊಡುವುದು ಬಿಡುವುದು ಈಗ ನಿಮಗೇ ಬಿಟ್ಟಿದ್ದು. ನಾನು ಏನು ಮಾಡುತ್ತೇನೆ ಅಂತ ಮಾತ್ರ ಹೇಳುತ್ತೇನೆ. ಜರಡಿಯ ಮೇಲೆ ಉಳಿದದ್ದು ಒಂದು ಗಾಜಿನ ಜಾಡಿಗೆ, ಕೆಳಗೆ ಬಿದ್ದದ್ದು ಇನ್ನೊಂದಕ್ಕೆ. ಎರಡಕ್ಕೂ ತೂಕದ ಚೀಟಿ. ನಮ್ಮ ಬೋನ್ಸಾಯ್ ಗೆಳೆಯರ ಮುಂದಿನ ಪ್ರದರ್ಶನದಲ್ಲಿ ಬಾಗಿಲ ಹತ್ತಿರದ ಮೇಜಿನ ಮೇಲೆ ಇಡುತ್ತೇನೆ. ಪಕ್ಕದಲ್ಲಿ ನಿಮ್ಮ ಚೀಲ, ಹೆಸರು ಎದ್ದು ಕಾಣುವ ಹಾಗೆ. ಅಲ್ಲಿಗೆ ಬರುವವರೆಲ್ಲ ಮಣ್ಣು ಕೊಳ್ಳುವವರೇ. ನಿಮ್ಮ ಹಿರಿಯ ಅಧಿಕಾರಿಗಳನ್ನೂ ಕಳಿಸಿ. ಖಾಲಿ ಕುಂಡವನ್ನು ಬೋರಲು ಹಾಕಿ ಇಟ್ಟಿರುತ್ತೇನೆ, ತೂತು ಅವರೇ ಎಣಿಸಿಕೊಳ್ಳಲಿ.

ಇಂತಿ,
ಇನ್ನು ಮುಂದೆ ನಿಮ್ಮ ಗ್ರಾಹಕಿ ಅಲ್ಲದವಳು